ಮಾತಿನ ಹಿಂದಿನ ಮನುಷ್ಯ

(ಬಾನುಲಿ ಭಾಷಣ)

ವಿಜಯನಗರದ ಬಸ್ ನಿಲ್ದಾಣದ ಹಿಂದಿನ ಬೀದಿಯೊಂದರಲ್ಲಿ ಒಂದು ಚಹಾದ ಅಂಗಡಿ ಇದೆ. ಸಂಜೆಯ ತಿರುಗಾಟ ಮುಗಿಸಿ ಅಲ್ಲಿ ಅರ್ಧ ಲೋಟ ಚಹಾ ಕುಡಿದು ಮನೆ ಸೇರುವುದು, ನಿವೃತ್ತನಾದ ಮೇಲೆ ನನಗೆ ಅಂಟಿಕೊಂಡ ಅಭ್ಯಾಸ. ಆ ಸುತ್ತಿನಲ್ಲಿ ಸ್ಪರ್ಧಾ ಪರೀಕ್ಷೆಗಳಿಗೆ ಪಾಠ ಹೇಳುವ ಸಂಸ್ಥೆಗಳು ಬಹಳ. ರಾಯಚೂರು, ಕಲಬುರಗಿ, ವಿಜಯಪುರ, ಬೆಳಗಾವಿಗಳ ಕಡೆಯಿಂದ ಬಂದ ತರುಣರು ಒಂದೊಂದು ಕೊಠಡಿಯಲ್ಲಿ ನಾಲ್ವರಂತೆ ಇದ್ದುಕೊಂಡು ಹಗಲಿರುಳೂ ಓದುತ್ತಾರೆ. ಸಂಜೆ ಈ ಅಂಗಡಿಯ ಮುಂದೆ ನಿಂತು ಮನಸ್ಸು ಹಗುರ ಮಾಡಿಕೊಳ್ಳುತ್ತಾರೆ. 2019ರ ಡಿಸೆಂಬರಿನ ಒಂದು ಸಂಜೆ ಅವರಲ್ಲೊಬ್ಬನು ತನಗೆ ಬಂದ ಅಂಕಗಳನ್ನು ಹೇಳಿದ. ಉಳಿದವರು ಒಕ್ಕೊರಲಿನಿಂದ 'ಹೌದು ಹುಲಿಯಾ!' ಎಂದು ಕೂಗಿದರು. ಮರುದಿನ ನೋಡುತ್ತೇನೆ, ನಾಗಮಂಗಲದ ಕಡೆಯವನಾದ ಅಂಗಡಿಯವನೂ, ಸರಿಯಾದ ಚಿಲ್ಲರೆ ಕೊಟ್ಟ ಗಿರಾಕಿಯೊಬ್ಬನಿಗೆ ಅದೇ ಮಾತನ್ನು ಅದೇ ರಾಗದಲ್ಲಿ ಹೇಳಿದ.

ಮೂವತ್ತೈದು ವರ್ಷ ಕನ್ನಡ ಪಾಠ ಹೇಳಿದವನ ಕಿವಿ ಸುಮ್ಮನಿರಲಾರದು. 'ಹುಲಿಯಾ' ಎಂಬ ಸಂಬೋಧನೆ ನಮ್ಮ ಕಡೆಯದಲ್ಲ. ಅದರಲ್ಲಿ ಕೃಷ್ಣಾ ತೀರದ ಗಾಳಿ ಇದೆ. ಈ ಕಡೆಯವನ ನಾಲಗೆಗೆ ಅದು ಹೇಗೆ ಬಂತು? "ಇದು ಯಾರ ಮಾತಪ್ಪ?" ಎಂದು ಕೇಳಿದೆ. ಆತ ಬಟ್ಟೆಯಿಂದ ಹಲಗೆ ಒರೆಸುತ್ತ, "ಯಾರದ್ದೋ ಸಾರ್, ಎಲ್ಲರೂ ಅಂತಾರೆ" ಎಂದ.

ಈ ಉತ್ತರವನ್ನು ನಾನು ಮೊದಲು ಕೇಳಿದ್ದು ಎಂ.ಎ. ವಿದ್ಯಾರ್ಥಿಯಾಗಿದ್ದಾಗ. ಗಾದೆಗಳನ್ನು ಸಂಗ್ರಹಿಸುವ ಹುಮ್ಮಸ್ಸಿನಲ್ಲಿ ಕೆಂಗೇರಿಯಾಚೆಯ ಹಳ್ಳಿಗಳನ್ನು ಸುತ್ತುತ್ತಿದ್ದ ಕಾಲ ಅದು. ಆಗ ಕೆಂಗೇರಿಯೇ ಬೆಂಗಳೂರಿನ ಹೊರಗಿನ ಊರು. 2021ರಲ್ಲಿ ಅಲ್ಲಿಗೆ ಮೆಟ್ರೋ ರೈಲು ಹೋಯಿತೆಂಬುದನ್ನು ನೆನೆದರೆ ಈಗಲೂ ನನಗೆ ಸೋಜಿಗ. ರಾಗಿ ಬೀಸುತ್ತಿದ್ದ ಒಬ್ಬ ಮುದುಕಿ ಗಾದೆಯ ಮೇಲೆ ಗಾದೆ ಹೇಳಿದಳು. ಯಾರು ಕಟ್ಟಿದ್ದು ಎಂದು ಕೇಳಿದ್ದಕ್ಕೆ, "ಯಾರೋ ಹಿಂದಿನೋರು, ಎಲ್ರೂ ಅಂತಾರೆ" ಎಂದು ಬೀಸುವ ಗೂಟದ ಮೇಲಿನ ಕೈ ತೆಗೆಯದೆಯೇ ಉತ್ತರಿಸಿದಳು. ನಾನು ಕರ್ತೃವಿನ ಕಲಮಿನಲ್ಲಿ 'ಅಜ್ಞಾತ' ಎಂದು ಬರೆದುಕೊಂಡು ಮುಂದಿನ ಮನೆಗೆ ಹೋದೆ. ಜಾನಪದದಲ್ಲಿ ಅದು ಕೊರತೆಯಲ್ಲ. ಹೇಳಿದವನ ಹೆಸರು ಅಳಿಸಿದ ಮೇಲೆಯೇ ಮಾತು ಊರಿನದಾಗುತ್ತದೆ.

ಹೀಗೆ ಬಾಯಿಂದ ಬಾಯಿಗೆ, ಈಗ ಕೈಯಿಂದ ಕೈಗೆ, ಸಂಚಾರವಾಣಿಯ ಪುಟ್ಟ ಪರದೆಯ ಮೇಲೆ ಹರಡುವ ಮಾತು, ಚಿತ್ರ, ಅರೆಗಳಿಗೆಯ ಚಲಿಸುವ ತುಣುಕು, ಇವುಗಳಿಗೆ ಇಂದಿನ ತರುಣರು 'ಮೀಮ್' ಎನ್ನುತ್ತಾರೆ. ಈ ಪದಕ್ಕೆ ಮಾತ್ರ ಕರ್ತೃವುಂಟು. ರಿಚರ್ಡ್ ಡಾಕಿನ್ಸ್ ಎಂಬ ಇಂಗ್ಲೆಂಡಿನ ಜೀವವಿಜ್ಞಾನಿ 1976ರಲ್ಲಿ ಪ್ರಕಟಿಸಿದ 'ದಿ ಸೆಲ್ಫಿಶ್ ಜೀನ್' ಎಂಬ ಗ್ರಂಥದಲ್ಲಿ ಇದನ್ನು ಟಂಕಿಸಿದರು. ದೇಹದ ಗುಣಗಳು ಜೀನ್ ಮೂಲಕ ಪೀಳಿಗೆಯಿಂದ ಪೀಳಿಗೆಗೆ ಸಾಗುವಂತೆ, ರಾಗ, ನುಡಿಗಟ್ಟು, ಉಡುಪಿನ ರೀತಿ, ಮಡಕೆ ಮಾಡುವ ವಿಧಾನ, ಇವೂ ಅನುಕರಣೆಯ ಮೂಲಕ ತಲೆಯಿಂದ ತಲೆಗೆ ಸಾಗುತ್ತವೆ ಎಂಬುದು ಅವರ ವಾದ. ಅನುಕರಣೆ ಎಂಬ ಅರ್ಥದ ಗ್ರೀಕ್ ಪದವೊಂದನ್ನು ಮೊಟಕು ಮಾಡಿ, ಜೀನ್‌ಗೆ ಪ್ರಾಸವಾಗುವಂತೆ ಮೀಮ್ ಎಂದರು. ಆಗ ಅವರ ಕಣ್ಣ ಮುಂದೆ ಇಂದಿನ ಅಂತರ್ಜಾಲವಿರಲಿಲ್ಲ. ಪದ ಬೆಳೆದು ಜನಕನ ಮನೆಬಿಟ್ಟು ಹೋಯಿತು.

ನಮ್ಮಲ್ಲಿಯೂ ಇಂಥ ನಿದರ್ಶನಗಳಿಗೆ ಬರವಿಲ್ಲ. ಈ ಭಾಷಣ ತಮ್ಮ ಕಿವಿಗೆ ಬೀಳುತ್ತಿರುವ ಸಾಧನಕ್ಕೆ ನಾವಿಟ್ಟ ಹೆಸರನ್ನೇ ನೋಡಿ. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಪ್ರಸಾರ ಕೇಂದ್ರಕ್ಕೆ 'ಆಕಾಶವಾಣಿ' ಎಂಬ ಹೆಸರಾಯಿತು, ಸೂಚಿಸಿದವರು ನಾ. ಕಸ್ತೂರಿಯವರೆಂದು ಪ್ರತೀತಿ. 'ಅನರ್ಥಕೋಶ'ವೆಂಬ ನಗೆಯ ನಿಘಂಟನ್ನೇ ಬರೆದ ಮಹನೀಯರು ಅವರು. ಮುಂದೆ ಇಡೀ ದೇಶವೇ ಆ ಹೆಸರನ್ನು ತನ್ನದಾಗಿಸಿಕೊಂಡಿತು. ದಿನಕ್ಕೆ ಹತ್ತು ಬಾರಿ ಅದನ್ನು ಉಚ್ಚರಿಸುವವರಲ್ಲಿ ಎಷ್ಟು ಮಂದಿಗೆ ಕಸ್ತೂರಿಯವರ ನೆನಪಾದೀತು? ಅದರಿಂದ ಅವರಿಗೇನೂ ನಷ್ಟವಿಲ್ಲ ಬಿಡಿ.

ಇರಲಿ, ಹುಲಿಯ ಜಾಡಿಗೆ ಹಿಂದಿರುಗೋಣ. ಚಹಾದ ಅಂಗಡಿಯ ಮುಂದಿದ್ದ ಬೆಳಗಾವಿ ಜಿಲ್ಲೆಯ ತರುಣನೊಬ್ಬ ನನಗೆ ಮೂಲವನ್ನು ತೋರಿಸಿದ. 2019ರ ಡಿಸೆಂಬರ್ 5ರಂದು ರಾಜ್ಯದ 15 ವಿಧಾನಸಭಾ ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತಷ್ಟೆ. ಅವುಗಳಲ್ಲಿ ಬೆಳಗಾವಿ ಜಿಲ್ಲೆಯ ಕಾಗವಾಡವೂ ಒಂದು. ಅಲ್ಲಿಯ ಪ್ರಚಾರ ಸಭೆಯೊಂದರಲ್ಲಿ ಸಿದ್ದರಾಮಯ್ಯನವರು ಮಾತನಾಡುತ್ತಿದ್ದರು. ಮಾತು ಗಂಭೀರವಾಗಿ, ಇಂದಿರಾ ಗಾಂಧಿಯವರ ಬಲಿದಾನದ ಕಡೆಗೆ ಸಾಗಿತ್ತು. ಆಗ ಜನರ ನಡುವೆ ಕುಳಿತಿದ್ದ ಒಬ್ಬ ಸಾಮಾನ್ಯ ಮನುಷ್ಯ ತಡೆಯಲಾರದ ಅಭಿಮಾನದಿಂದ 'ಹೌದು ಹುಲಿಯಾ!' ಎಂದು ಕೂಗಿಬಿಟ್ಟ. ಭಾಷಣಕಾರರ ಲಯ ತಪ್ಪಿತು, ಸಭೆ ಗೊಳ್ಳೆಂದಿತು. ಮನುಷ್ಯ ಸ್ವಲ್ಪ ಅಮಲಿನಲ್ಲಿದ್ದನೆಂದು ವರದಿಗಳು ಹೇಳಿದವು.

ಇಷ್ಟೇ ನಡೆದದ್ದು. ಆದರೆ ಆ ಎರಡು ಪದಗಳನ್ನು ಗಮನಿಸಿ. 'ಹೌದು' ಎಂಬುದು ಒಪ್ಪಿಗೆ. 'ಹುಲಿಯಾ' ಎಂಬುದು ಒಪ್ಪಿಗೆಯ ಮೇಲೆ ಏರಿಸಿದ ಕಿರೀಟ. ಬಯಲಾಟದ ರಂಗಸ್ಥಳದಲ್ಲಿ, ಕುಸ್ತಿಯ ಕಣದಲ್ಲಿ, ಗೀಗೀ ಪದದ ಮೇಳದಲ್ಲಿ ಹುರಿದುಂಬಿಸುವ ಧ್ವನಿ ಇದು. ವಚನಕ್ಕೆ ಪ್ರತಿವಚನ, ಪದಕ್ಕೆ ಹಿಮ್ಮೇಳ ಎಂಬುದು ಆ ನೆಲದಲ್ಲಿ ಹಾಸುಹೊಕ್ಕಾದ ಸಂಪ್ರದಾಯ. ರಾಜಕೀಯ ಭಾಷಣವನ್ನು ಆತ ಒಂದು ಆಟದಂತೆ ಕೇಳಿದ, ಹಿಮ್ಮೇಳ ಕೊಟ್ಟ. ನಾವು, ಪಟ್ಟಣದ ಸಭ್ಯ ಶ್ರೋತೃಗಳು, ಭಾಷಣಗಳ ನಡುವೆ ನಿದ್ರಿಸುವುದನ್ನು ಕಲಿತಿದ್ದೇವೆಯೇ ಹೊರತು ಹೀಗೆ ಪಾಲ್ಗೊಳ್ಳುವುದನ್ನು ಮರೆತಿದ್ದೇವೆ. ಆದ್ದರಿಂದಲೇ ಅದು ನಮಗೆ ನಗೆಯಾಗಿ ಕಂಡಿತು. ಕೆಲವೇ ದಿನಗಳಲ್ಲಿ ಆ ತುಣುಕಿಗೆ ತಾಳ ಕೂಡಿತು, ಹಾಡಾಯಿತು, ವಾಹನಗಳ ಹಿಂಬದಿಯ ಬರಹವಾಯಿತು. ಪತ್ರಿಕೆಯವರೂ ವಾಹಿನಿಯವರೂ ಆತನನ್ನು ಹುಡುಕಿಕೊಂಡು ಹೋದರು. ಅಡ್ಡಮಾತಾಗಿ ಹುಟ್ಟಿದ್ದು ಮುಂದೆ ಸಿದ್ದರಾಮಯ್ಯನವರ ಸಭೆಗಳಲ್ಲಿ ಜಯಘೋಷವೇ ಆಯಿತು.

ಅದೇ ವರ್ಷದ ಮತ್ತೊಂದು ಮಾತು ತಮಗೆಲ್ಲ ನೆನಪಿದ್ದೀತು: 'ನಿಖಿಲ್, ಎಲ್ಲಿದ್ದೀಯಪ್ಪಾ?' ಇದರ ಚರಿತ್ರೆ ಇನ್ನೂ ವಿಚಿತ್ರ. ಏಕೆಂದರೆ ಈ ಮಾತು ಹುಟ್ಟಿದ ಮೇಲೆ ಮೂರು ವರ್ಷ ನಿದ್ರಿಸಿತ್ತು. 2016ರಲ್ಲಿ 'ಜಾಗ್ವಾರ್' ಚಿತ್ರದ ಮೂಲಕ ಎಚ್. ಡಿ. ಕುಮಾರಸ್ವಾಮಿಯವರ ಮಗ ನಿಖಿಲ್ ಚಿತ್ರರಂಗ ಪ್ರವೇಶಿಸಿದರು. ಆ ಚಿತ್ರದ ಹಾಡುಗಳ ಬಿಡುಗಡೆಯ ಸಮಾರಂಭದಲ್ಲಿ ತಂದೆ ವೇದಿಕೆಯ ಮೇಲಿಂದ ಮಗನನ್ನು ಹೀಗೆ ಕರೆದರು. ಮಗ ಜನರ ಮಧ್ಯದಿಂದ, ತಾನು ಜನಗಳ ನಡುವೆ ಇದ್ದೇನೆಂದು ಉತ್ತರಿಸಿದ. ಸಮಾರಂಭದ ಸಣ್ಣದೊಂದು ನಾಟಕ; ನೋಡಿದವರು ಅಂದೇ ಮರೆತರು. 2019ರಲ್ಲಿ ಮಗ ಮಂಡ್ಯ ಲೋಕಸಭಾ ಕ್ಷೇತ್ರದ ಅಭ್ಯರ್ಥಿಯಾದಾಗ, ತಂದೆ ಮುಖ್ಯಮಂತ್ರಿಯಾಗಿದ್ದಾಗ, ಯಾರೋ ಆ ಹಳೆಯ ತುಣುಕನ್ನು ಹೊರತೆಗೆದರು. ಮಾರ್ಚ್ ತಿಂಗಳಲ್ಲಿ ನಾಡೆಲ್ಲ 'ಎಲ್ಲಿದ್ದೀಯಪ್ಪಾ' ಮಯ. ವಿದೇಶೀಯರ ಬಾಯಲ್ಲೂ ಹೇಳಿಸಿ ನಕ್ಕರು. ಆ ಮಾತನ್ನು ಚಿತ್ರದ ಶೀರ್ಷಿಕೆಯಾಗಿ ಪಡೆಯಲು ಚಲನಚಿತ್ರ ವಾಣಿಜ್ಯ ಮಂಡಳಿಯ ಬಾಗಿಲು ತಟ್ಟಿದವರಿದ್ದಾರೆಂಬ ಸುದ್ದಿಯನ್ನೂ ಓದಿದೆವು. ಮೇ 23ರಂದು ಫಲಿತಾಂಶ ಬಂದಾಗ ಪಕ್ಷೇತರ ಅಭ್ಯರ್ಥಿ ಸುಮಲತಾ ಅಂಬರೀಶ್ ಅವರು ಸುಮಾರು 1 ಲಕ್ಷ 25 ಸಾವಿರ ಮತಗಳ ಅಂತರದಿಂದ ಗೆದ್ದಿದ್ದರು. ಒಂದು ಮಾತು ಒಂದು ಚುನಾವಣೆಯನ್ನು ಸೋಲಿಸಿತೆಂದು ಹೇಳುವಷ್ಟು ರಾಜಕೀಯ ಜ್ಞಾನ ನನಗಿಲ್ಲ. ಆ ವಾದದಲ್ಲಿ ನನಗೆ ನಂಬಿಕೆಯೂ ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಕೊನೆಯ ಎರಡಕ್ಷರ. ತಂದೆ ಮಗನನ್ನು 'ಅಪ್ಪಾ' ಎನ್ನುತ್ತಾನೆ! ಬೇರೆ ನುಡಿಯವರಿಗೆ ಇದನ್ನು ವಿವರಿಸಲು ಹೋಗಿ ನೋಡಿ, ಸೋತು ಬರುತ್ತೀರಿ. ಹಸುಗೂಸನ್ನು 'ನಮ್ಮಪ್ಪ' ಎಂದು ಎತ್ತಿ ಆಡಿಸುತ್ತೇವೆ, ಮಗಳನ್ನು 'ಬಾರಮ್ಮ' ಎಂದು ಕರೆಯುತ್ತೇವೆ, ಅಪರಿಚಿತ ತರುಣನನ್ನು 'ಏನಪ್ಪಾ' ಎನ್ನುತ್ತೇವೆ. ಕಿರಿಯರಲ್ಲಿ ಹಿರಿಯರನ್ನು ಕಾಣುವ, ಮಗನಲ್ಲಿ ಸತ್ತುಹೋದ ತಂದೆಯನ್ನು ಮತ್ತೆ ಕರೆಯುವ ಈ ರೂಢಿ ನಮ್ಮ ನುಡಿಯ ಅತ್ಯಂತ ಮೆದುವಾದ ಭಾಗಗಳಲ್ಲೊಂದು. ನಾಡನ್ನೇ ನಗಿಸಿದ ಆ ಮಾತಿನ ಬೆನ್ನೆಲುಬು ಇದೇ ವಾತ್ಸಲ್ಯ. ನಕ್ಕವರು ಅಧಿಕಾರಸ್ಥರ ಪುತ್ರವ್ಯಾಮೋಹವನ್ನು ನಕ್ಕರು, ಅದು ಪ್ರಜೆಗಳ ಹಕ್ಕು. ಆದರೆ ನಗುವಿಗೆ ಸಿಕ್ಕ ಹಿಡಿಕೆ ಮಾತ್ರ ಪ್ರತಿಯೊಬ್ಬ ಕನ್ನಡ ತಂದೆಯೂ ದಿನವೂ ಆಡುವ ಮಾತು. ಆ ತಿಂಗಳು ನಾನೇ ಅಮೆರಿಕದಲ್ಲಿರುವ ನನ್ನ ಮಗನಿಗೆ ದೂರವಾಣಿಯಲ್ಲಿ "ಎಲ್ಲಿದ್ದೀಯಪ್ಪಾ" ಎಂದಾಗ ಅವನು ಆ ಕಡೆಯಿಂದ ನಗಲಾರಂಭಿಸಿದ. ನಾನು ಯಾವ ಹಾಸ್ಯವನ್ನೂ ಮಾಡಿರಲಿಲ್ಲ.

ಮೇಲೆ ಹೇಳಿದ ಇಬ್ಬರೂ ದೊಡ್ಡ ನಾಯಕರು. ತಮ್ಮ ಮೇಲಿನ ನಗೆಯನ್ನು ಹೊರುವ ಹೆಗಲು ಸಾರ್ವಜನಿಕ ಜೀವನದವರಿಗೆ ಇರುತ್ತದೆ, ಇರಬೇಕು. ಇನ್ನೊಂದು ವರ್ಗದವರು ನಗೆಯನ್ನು ತಾವೇ ತಯಾರಿಸುವವರು. 2023ರಲ್ಲಿ 'ನಾನು ನಂದಿನಿ' ಎಂಬ ಪುಟ್ಟ ಹಾಡು ಎಲ್ಲೆಲ್ಲೂ ಕೇಳಿಬಂತು. ಡೆನ್ಮಾರ್ಕಿನ 'ಆಕ್ವಾ' ತಂಡದ 1997ರ 'ಬಾರ್ಬಿ ಗರ್ಲ್' ಗೀತೆಯ ಧಾಟಿಯನ್ನು ಹಿಡಿದು, ಬೆಂಗಳೂರಿಗೆ ಕೆಲಸಕ್ಕೆ ಬಂದು ಪೇಯಿಂಗ್ ಗೆಸ್ಟ್ ಕೊಠಡಿಯಲ್ಲಿರುವ ಹುಡುಗಿಯ ಬಾಳನ್ನು ಅದರೊಳಗೆ ತುಂಬಿದವರು ವಿಕಾಸ್ ಎಂಬ ತರುಣ. 'ವಿಕ್ಕಿಪೀಡಿಯ' ಎಂಬುದು ಅವರು ತಮಗೆ ಇಟ್ಟುಕೊಂಡ ಹೆಸರು. ಪರಭಾಷೆಯ ಮಟ್ಟಿಗೆ ನಮ್ಮ ಸಂಗತಿಯನ್ನು ಕೂರಿಸುವುದು ನಮಗೆ ಹೊಸದಲ್ಲ. ರಾಶಿಯವರು 1942ರಲ್ಲಿ ಆರಂಭಿಸಿದ 'ಕೊರವಂಜಿ'ಯನ್ನು ಓದಿ ಬೆಳೆದವರಿಗೆ ಅಣಕದ ರುಚಿ ಗೊತ್ತು. ನಮ್ಮ ಬೀದಿಯಲ್ಲೇ ಇಂಥ ಕೊಠಡಿಗಳ ಮೂರು ಕಟ್ಟಡಗಳಿವೆ. ಬೆಳಿಗ್ಗೆ ಏಳಕ್ಕೆ ಊಟದ ಡಬ್ಬಿ ಹಿಡಿದು ಓಡುವ ನಂದಿನಿಯರನ್ನು ನಾನು ದಿನವೂ ಕಾಣುತ್ತೇನೆ. ಹಾಡು ಅವರನ್ನು ನೋಯಿಸಲಿಲ್ಲ. ಅವರೇ ಅದನ್ನು ಹಾಡಿಕೊಂಡರು. ತಿಳಿದು ಮಾಡಿದ ಹಾಸ್ಯಕ್ಕೆ ಇರುವ ನೆಮ್ಮದಿ ಇದು. ಕರ್ತೃವಿದ್ದಾನೆ, ಅಂಕಿತವಿದೆ.

ನನ್ನ ಕಳವಳ ಇರುವುದು ಮೂರನೆಯ ವರ್ಗದ ಬಗ್ಗೆ. ಅವರು ನಾಯಕರೂ ಅಲ್ಲ, ಹಾಸ್ಯಗಾರರೂ ಅಲ್ಲ. ಯಾವುದೋ ಒಂದು ಗಳಿಗೆಯಲ್ಲಿ ಕ್ಯಾಮೆರಾದ ಕಣ್ಣಿಗೆ ಬಿದ್ದವರು. ಗಾದೆಯನ್ನು ಕಟ್ಟಿದವನ ಮುಖ ಗಾದೆಯ ಜೊತೆ ಬರುವುದಿಲ್ಲ. ಹಿಂದೊಮ್ಮೆ ಕುಣಿಯಲಾರದ ಹೆಣ್ಣೊಬ್ಬಳು ನೆಲ ಡೊಂಕೆಂದಿರಬೇಕು. ಆಕೆಯ ಹೆಸರು, ಊರು, ಮುಖ ಯಾವುದೂ ನಮಗೆ ಬರಲಿಲ್ಲ; ಆಕೆಯ ಮೊಮ್ಮಕ್ಕಳು ನಿಶ್ಚಿಂತೆಯಿಂದ ಬಾಳಿದರು. ಮೀಮ್ ಎಂಬುದು ಈ ಕ್ರಮವನ್ನು ತಲೆಕೆಳಗು ಮಾಡಿತು. ಇಲ್ಲಿ ಹೆಸರು ಅಳಿಸುತ್ತದೆ, ಮುಖ ಉಳಿಯುತ್ತದೆ.

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಘಿಸ್ಲೇನ್ ರಜಾ ಎಂಬ ಶಾಲಾ ಬಾಲಕನಿದ್ದ. 2002ರ ನವೆಂಬರಿನಲ್ಲಿ ಶಾಲೆಯ ಕೊಠಡಿಯಲ್ಲಿ ಒಬ್ಬನೇ, ಗಾಲ್ಫ್ ಚೆಂಡು ಹೆಕ್ಕುವ ಕೋಲನ್ನು ಕತ್ತಿಯೆಂದು ಭಾವಿಸಿ, 'ಸ್ಟಾರ್ ವಾರ್ಸ್' ಚಿತ್ರದ ವೀರನಂತೆ ಬೀಸಿ ಕುಣಿದು ಅದನ್ನು ಚಿತ್ರೀಕರಿಸಿಕೊಂಡ. ಆ ವಯಸ್ಸಿನಲ್ಲಿ ಕೋಲು ಹಿಡಿದು ಅರ್ಜುನನಾಗದ ಹುಡುಗನುಂಟೆ? ಮರುವರ್ಷ ಸಹಪಾಠಿಗಳ ಕೈಗೆ ಆ ಸುರುಳಿ ಸಿಕ್ಕಿ ಅಂತರ್ಜಾಲಕ್ಕೆ ಹೋಯಿತು. ಜಗತ್ತು ನಕ್ಕಿತು, ಹುಡುಗ ಶಾಲೆ ಬಿಡಬೇಕಾಯಿತು. ಸತ್ತುಹೋಗು ಎಂದು ಹೇಳಿದವರೂ ಇದ್ದರೆಂದು ಅವನೇ 2013ರಲ್ಲಿ ತಿಳಿಸಿದ. ಮುಂದೆ ಆತ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದ. 2022ರಲ್ಲಿ, ಇಪ್ಪತ್ತು ವರ್ಷಗಳ ತರುವಾಯ, ಸಾಕ್ಷ್ಯಚಿತ್ರವೊಂದರಲ್ಲಿ ಕುಳಿತು ತನ್ನ ಕತೆಯನ್ನು ತಾನೇ ಹೇಳಿದ. ಹಂಗೆರಿಯ ಆಂದ್ರಾಸ್ ಅರಾಟೊ ಎಂಬ ವಿದ್ಯುತ್ ಎಂಜಿನಿಯರರದು ಬೇರೆ ಬಗೆ. ಜಾಹೀರಾತುಗಳಿಗೆಂದು ತೆಗೆಸಿಕೊಟ್ಟ ಛಾಯಾಚಿತ್ರಗಳಲ್ಲಿ ಅವರ ತುಟಿ ನಗುತ್ತದೆ, ಕಣ್ಣು ಅಳುತ್ತದೆ ಎಂದು ಜನ ಕಂಡುಕೊಂಡು, 'ನೋವು ಮುಚ್ಚಿಡುವ ಹೆರಾಲ್ಡ್' ಎಂಬ ಹೆಸರನ್ನೇ ಕಟ್ಟಿದರು. 2011ರಲ್ಲಿ ಅದನ್ನು ಕಂಡಾಗ ಆ ವೃದ್ಧರಿಗೆ ಆಘಾತವಾಯಿತು. ಕೆಲವು ವರ್ಷಗಳ ಮೇಲೆ ಅವರು ನಗುವವರ ಜೊತೆ ತಾವೂ ಸೇರಿಕೊಂಡು ದೇಶದೇಶ ತಿರುಗಿದರು. ಅರವತ್ತು ದಾಟಿದವರಿಗೆ ಅದು ಸಾಧ್ಯವಾಯಿತು. ಹದಿನಾಲ್ಕರ ಹುಡುಗನಿಗೆ ಆಗಲಿಲ್ಲ.

ಮುಖ ಹರಡಿದ್ದರಿಂದ ಒಳಿತಾದದ್ದೂ ಉಂಟೆಂದು ಹೇಳದಿದ್ದರೆ ತಪ್ಪಾದೀತು. 2024ರ ಫೆಬ್ರವರಿಯಲ್ಲಿ ನಮ್ಮ ರಾಜಾಜಿನಗರದ ಮೆಟ್ರೋ ನಿಲ್ದಾಣದಲ್ಲಿ, ತಲೆಯ ಮೇಲೆ ಗಂಟು ಹೊತ್ತ ಒಬ್ಬ ರೈತನನ್ನು ಬಟ್ಟೆ ಕೊಳೆಯಾಗಿದೆಯೆಂದು ಒಳಗೆ ಬಿಡಲಿಲ್ಲ. ಸಹಪ್ರಯಾಣಿಕರು ಜಗಳವಾಡಿದರು, ಚಿತ್ರೀಕರಿಸಿದರು, ತುಣುಕು ಹರಡಿತು, ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆದರು. ನಮ್ಮ ಬಡಾವಣೆಯಲ್ಲಿ ಒಂದು ವಾರ ಇದೇ ಮಾತು. ನಾನೂ ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತು ಆವೇಶದಿಂದಲೇ ಮಾತಾಡಿದೆ. ಆದರೆ ಆ ರೈತ ಅಂದು ಎಲ್ಲಿಗೆ ಹೊರಟಿದ್ದ, ಗಂಟಿನಲ್ಲಿ ಏನಿತ್ತು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲವೆಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಈಗ ನಾನು ಹೇಳಬೇಕೆಂದು ಬಂದ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿದ್ದಕ್ಕೆ ಕಾರಣ, ಅದು ನನ್ನ ಮರ್ಯಾದೆಗೆ ಸಂಬಂಧಿಸಿದ್ದು.

2020ರ ಆರಂಭದಲ್ಲಿ ಒಂದು ತುಣುಕು ಹರಿದಾಡಿತು. ಸರ್ಕಾರಿ ಶಾಲೆಯೊಂದರ ತರಗತಿ. ಒಬ್ಬ ಚಿಕ್ಕ ಬಾಲಕ. ಮೇಷ್ಟರು 'ಪಕ್ಕೆಲುಬು' ಎಂದು ಹೇಳಿಕೊಡುತ್ತಾರೆ. ಹುಡುಗ 'ಪಕ್ಕೆಬುಲು' ಎನ್ನುತ್ತಾನೆ. ಮತ್ತೆ ಹೇಳಿಕೊಡುತ್ತಾರೆ, ಬಿಡಿಬಿಡಿಯಾಗಿ ಹೇಳುವಾಗ ಸರಿಯಾಗಿಯೇ ಹೇಳುವ ಹುಡುಗ, ಕೂಡಿಸಿದೊಡನೆ ಮತ್ತೆ ಪಕ್ಕೆಬುಲು. ನಾಡೇ ಬಿದ್ದು ಬಿದ್ದು ನಕ್ಕಿತು. ಅಂದು ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಸಚಿವರಾಗಿದ್ದವರು ನಮ್ಮ ರಾಜಾಜಿನಗರ ಕ್ಷೇತ್ರದ ಶಾಸಕರೇ ಆದ ಎಸ್. ಸುರೇಶ್ ಕುಮಾರ್. ಮಗುವಿನ ತೊಡಕನ್ನು ಚಿತ್ರೀಕರಿಸಿ ಹರಡಿದ್ದು ಅಕ್ಷಮ್ಯವೆಂದು ಅವರು ಖಂಡಿಸಿ, ಕ್ರಮಕ್ಕೆ ಸೂಚಿಸಿದರು. ಅಷ್ಟರಲ್ಲಿ ತುಣುಕು ಮನೆಮನೆಯನ್ನೂ ಮುಟ್ಟಿಯಾಗಿತ್ತು.

ನನ್ನ ಮನೆಯನ್ನೂ ಮುಟ್ಟಿತ್ತು. ನಾನು ನಕ್ಕೆ. ಹೆಂಡತಿಯನ್ನು ಕರೆದು ತೋರಿಸಿದೆ. ಸಾಲದೆಂದು, ನಿವೃತ್ತ ಅಧ್ಯಾಪಕರ ವಾಟ್ಸಾಪ್ ಬಳಗಕ್ಕೆ ಅದನ್ನು ಕಳಿಸಿ, ಕೆಳಗೆ 'ಕನ್ನಡದ ಭವಿಷ್ಯ' ಎಂದು ಒಂದು ಪಾಂಡಿತ್ಯದ ಷರಾ ಬರೆದೆ. ಹನ್ನೊಂದು ಮಂದಿ ಪ್ರಾಧ್ಯಾಪಕರು ಕಣ್ಣೀರು ಬರುವಂತೆ ನಗುವ ಮುಖಗಳನ್ನು ಮರಳಿಸಿದರು.

ಆ ರಾತ್ರಿ ಹಾಸಿಗೆಯಲ್ಲಿ ಮಲಗಿದಾಗ ಪದ ನಾಲಗೆಯ ಮೇಲೆ ಹೊರಳಿತು. ಪಕ್ಕೆ, ಎಲುಬು ಎರಡೂ ಕೂಡಿ, ನಡುವೆ ಒಂದು ಸ್ವರ ಲೋಪವಾಗಿ, ಪಕ್ಕೆಲುಬು. ಕೊನೆಗೆ ಒಂದೇ ಸ್ವರದ ಎರಡು ಅಕ್ಷರ, ಲು ಮತ್ತು ಬು. ಹುಡುಗನ ನಾಲಗೆ ಅವೆರಡರ ಸ್ಥಾನವನ್ನು ಅದಲುಬದಲು ಮಾಡಿತು. ಇದಕ್ಕೆ ಭಾಷಾಶಾಸ್ತ್ರದಲ್ಲಿ ವರ್ಣವ್ಯತ್ಯಯವೆಂದು ಹೆಸರು. ಇದನ್ನು ನಾನು ಮೂವತ್ತೈದು ವರ್ಷ ಪಾಠ ಹೇಳಿದ್ದೇನೆ! ಉದಾಹರಣೆ ಕೊಡುತ್ತಿದ್ದದ್ದೂ ಪ್ರತಿವರ್ಷ ಅದೇ: ಹಳಗನ್ನಡದ 'ಅಸಗ', ಹೊಸಗನ್ನಡದ 'ಅಗಸ'. ಒಂಬತ್ತನೆಯ ಶತಮಾನದಲ್ಲಿ ಅಸಗನೆಂಬ ಮಹಾಕವಿಯೇ ಇದ್ದ; ಪೊನ್ನನು ತನ್ನನ್ನು ಅವನೊಡನೆ ಹೋಲಿಸಿಕೊಂಡು ಬೀಗಿದ್ದುಂಟು. ಆ ಪದವನ್ನು ನಮ್ಮ ಹಿರಿಯರು ತಿರುಗಿಸಿ 'ಅಗಸ' ಎಂದರು, ಇಂದು ಅದೇ ಶುದ್ಧ ರೂಪ. ನಾವು 'ಒರಳು' ಎಂದರೆ ತೆಲುಗರು ಸ್ವರವನ್ನು ಒಳಕ್ಕೆ ದಾಟಿಸಿ 'ರೋಲು' ಎಂದರು. ಅದನ್ನು ಕಂಡುಹಿಡಿದ ವಿದ್ವಾಂಸರಿಗೆ ನಾವು ಕೈಮುಗಿದೆವು. ಮೊದಲ ಬಾರಿಗೆ ಅಸಗನನ್ನು ಅಗಸ ಎಂದವನು ಯಾವ ಊರಿನ ಯಾವ ಮಗುವೋ. ಅವನನ್ನು ಯಾರೂ ಚಿತ್ರೀಕರಿಸಲಿಲ್ಲ.

ಎದ್ದು ದೀಪ ಹಾಕಿ, ಕಳಿಸಿದ್ದನ್ನು ಅಳಿಸಲು ಹೋದೆ. ಎಲ್ಲರ ಪರದೆಯಿಂದಲೂ ಅಳಿಸುವ ಅವಧಿ ಮೀರಿತ್ತು. ಬೆಳಿಗ್ಗೆ ಬಳಗದವರಿಗೆ, ದಯಮಾಡಿ ಅದನ್ನು ತೆಗೆದುಹಾಕಿರೆಂದು ಬರೆದೆ. ಒಬ್ಬ ಹಳೆಯ ಗೆಳೆಯ, "ಅಯ್ಯಾ, ನಾನಾಗಲೇ ಹತ್ತು ಕಡೆಗೆ ಕಳಿಸಿಬಿಟ್ಟೆ" ಎಂದು ಉತ್ತರಿಸಿದ.

ಇದು ಇಲ್ಲಿಗೇ ಮುಗಿದಿದ್ದರೆ ನಾನು ಮರೆತೂ ಬಿಡುತ್ತಿದ್ದೆನೇನೊ. ನಮ್ಮ ಬೀದಿಯ ಮೂಲೆಯಲ್ಲಿ ಹೂ ಮಾರುವ ಹೆಂಗಸಿನ ಮಗ ಆಗ ಐದನೆಯ ತರಗತಿಯಲ್ಲಿದ್ದ. ವಾರಕ್ಕೆ ಮೂರು ಸಂಜೆ ನಮ್ಮ ಮನೆಯ ಪಡಸಾಲೆಗೆ ಬಂದು ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದುತ್ತಿದ್ದ. ನಾನು ಕೇಳುತ್ತಿದ್ದೆ, ಅಷ್ಟೇ ನನ್ನ ಕೆಲಸ. ಒತ್ತಕ್ಷರ ಬಂದಲ್ಲಿ ಸ್ವಲ್ಪ ತಡೆಯುತ್ತಿದ್ದ. ಆದರೆ ಧೈರ್ಯವಂತ, ಬಿದ್ದು ಎದ್ದು ಮುಂದೆ ಹೋಗುತ್ತಿದ್ದ. ಆ ವಾರ ಬಂದವನು ಪುಸ್ತಕ ತೆರೆದು ಸುಮ್ಮನೆ ಕುಳಿತ. ಓದೆಂದರೆ ತುಟಿ ಮಾತ್ರ ಅಲುಗಿತು. ಗಂಟಲು ನೋವೇ ಎಂದೆ, ಇಲ್ಲವೆಂದು ತಲೆಯಾಡಿಸಿದ. ಬಹಳ ಹೊತ್ತಿನ ಮೇಲೆ ಹೊರಬಿತ್ತು: ತರಗತಿಯಲ್ಲಿ ಯಾವುದೋ ಪದದ ಹತ್ತಿರ ತೊದಲಿದಾಗ ಹುಡುಗರೆಲ್ಲ ಒಟ್ಟಾಗಿ 'ಪಕ್ಕೆಬುಲು' ಎಂದು ಕೂಗಿದರಂತೆ. ಅಂದಿನಿಂದ ಅವನಿಗೆ ಅದೇ ಹೆಸರು. "ಅವರಿಗೆ ಆ ಪದ ಎಲ್ಲಿಂದ ಬಂತು?" ಎಂದು ಕೇಳುವ ಬಾಯಿ ನನಗಿರಲಿಲ್ಲ. ಮೂಲಗಳಲ್ಲಿ ನಾನೂ ಒಂದು ಮೂಲ.

"ಇಲ್ಲಿ ಯಾರೂ ನಗುವುದಿಲ್ಲ, ಓದಪ್ಪ" ಎಂದೆ. ಹುಡುಗ ತಲೆ ಎತ್ತಲಿಲ್ಲ. ಅವನ ಕಣ್ಣು ನಮ್ಮಿಬ್ಬರ ನಡುವಿನ ಮೇಜಿನ ಮೇಲಿತ್ತು. ಅಲ್ಲಿ, ಕನ್ನಡಕದ ಗೂಡಿನ ಪಕ್ಕದಲ್ಲಿ, ನನ್ನ ಫೋನು ಬೆನ್ನಡಿಯಾಗಿ, ಅದರ ಪುಟ್ಟ ಕ್ಯಾಮೆರಾ ಕಣ್ಣು ಮೇಲೆ ಮಾಡಿ ಬಿದ್ದಿತ್ತು.

"ತಾತ, ಅದನ್ನ ಒಳಗಡೆ ಇಡ್ತೀರಾ?" ಎಂದ.

ನಾನು ಎದ್ದು ಅದನ್ನು ಕೋಣೆಗೆ ಒಯ್ದು ಕಪಾಟಿನೊಳಗೆ, ಪಂಚೆಗಳ ಅಡಿಯಲ್ಲಿ ಇಟ್ಟೆ. ಕಪಾಟಿನ ಬಾಗಿಲು ಹಾಕಿದ ಸದ್ದು ಅವನಿಗೆ ಕೇಳಿಸಲೆಂದು ಸ್ವಲ್ಪ ಜೋರಾಗಿಯೇ ಹಾಕಿದೆ. ಹಿಂದಿರುಗಿ ಬಂದು ಕುಳಿತೆ. ಒಳಗಿನಿಂದ ಅದು ಒಮ್ಮೆ ಗುಂಯ್‌ಗುಟ್ಟಿತು. ಅಧ್ಯಾಪಕ ಬಳಗದ ಯಾವುದೋ ಹೊಸ ವಿನೋದ ಬಂದಿರಬೇಕು. ಹುಡುಗ ಬಾಗಿಲ ಕಡೆ ನೋಡಿದ, ನನ್ನ ಕಡೆ ನೋಡಿದ, ಮತ್ತೆ ಪುಸ್ತಕದ ಮೇಲೆ ಬೆರಳಿಟ್ಟ. ಅಂದು ಅವನು ಒಂದೂವರೆ ಪುಟ ಓದಿದ. ಎರಡು ಕಡೆ ಅಕ್ಷರಗಳು ಹಿಂದುಮುಂದಾದವು. ನಾನು ತಿದ್ದಲಿಲ್ಲ.